ಮನೆಯಲ್ಲಿ ಆರೈಕೆ ಬೇಕಾದವರಿದ್ದಾಗ ಹಬ್ಬದೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿಗೋ ಗಣೇಶನ ಹಬ್ಬಕ್ಕೋ ಬೆಂಗಳೂರಿನಿಂದ ಮಕ್ಕಳು, ಮೊಮ್ಮಕ್ಕಳು, ನೆಂಟರೆಲ್ಲ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಊರುಗಳಿಗೆ ಬರುತ್ತಾರೆ. ಊಟ ಮುಗಿಸಿ ಸಂಜೆಯ ಬಸ್ಸು ಹಿಡಿಯುತ್ತಾರೆ. ಲಕ್ವ ಹೊಡೆದ ಅಪ್ಪನನ್ನೋ, ಮರೆವಿನ ಕಾಯಿಲೆಯ ಅತ್ತೆಯನ್ನೋ ವರ್ಷವಿಡೀ ನೋಡಿಕೊಳ್ಳುವವರಿಗೆ ಮಾತ್ರ ಹಬ್ಬ ಹತ್ತಿರ ಬಂದ ಹಾಗೆ ಎದೆ ಢವಢವ. ಏನು ಬಡಿಸೋದು, ಎಲ್ಲಿ ಕೂರಿಸೋದು, ನೆಂಟರಿಗೆ ಏನಂತ ಹೇಳೋದು?

ನಾನೂ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಮನೆಯಲ್ಲಿ ಇದೇ ಕೆಲಸ ಮಾಡುವವಳು. ನನ್ನ ಮಟ್ಟಿಗೆ ಹೇಳುವುದಾದರೆ, ಹಬ್ಬದ ಅಡುಗೆಯಲ್ಲಿ ಬದಲಾಯಿಸಬೇಕಾದ್ದು ಸ್ವಲ್ಪ. ಊಟದ ಹೊತ್ತಿನಲ್ಲಿ ಬದಲಾಯಿಸಬೇಕಾದ್ದು ಜಾಸ್ತಿ. ಕೆಳಗಿನ ಉತ್ತರಗಳನ್ನು ಓದುವಾಗ ನಿಮ್ಮ ಮನೆಯವರನ್ನು ನೋಡುವ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ, ಅವರ ಮಾತನ್ನೇ ಕೇಳಿ.

ಪೂಜೆ ಮುಗಿದು ಎಲೆ ಹಾಕುವಷ್ಟರಲ್ಲಿ ಎರಡೂವರೆ ಆಗುತ್ತೆ. ಶುಗರ್ ಇರುವವರು ಅಲ್ಲಿಯವರೆಗೆ ಕಾಯಬಹುದಾ?

ಕಾಯಿಸಬೇಡಿ. ಹಬ್ಬದ ದಿನ ಶುಗರ್ ಏರುತ್ತೆ ಅಂತ ಎಲ್ಲರೂ ಹೆದರುತ್ತಾರೆ. ಇಳಿಯುತ್ತೆ ಅನ್ನೋದು ಯಾರಿಗೂ ನೆನಪಿರುವುದಿಲ್ಲ. ಬೆಳಿಗ್ಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ, ಅಥವಾ ಇನ್ಸುಲಿನ್ ಚುಚ್ಚಿಸಿಕೊಂಡು, "ಪೂಜೆ ಆಗಲಿ" ಅಂತ ಖಾಲಿ ಹೊಟ್ಟೆಯಲ್ಲಿ ಕೂತರೆ ಶುಗರ್ 70ಕ್ಕಿಂತ ಕೆಳಗೆ ಜಾರಬಹುದು. ಬೆವರು, ನಡುಕ, ಎದೆ ಬಡಿತ, ಮಾತು ತೊದಲುವುದು, ಸುಮ್ನೆ ಸಿಡುಕುವುದು, ಇವೆಲ್ಲ ಅದರ ಲಕ್ಷಣ. ವಯಸ್ಸಾದವರಲ್ಲಿ ಬರೀ ಮಂಕಾಗಿ ಕಾಣಬಹುದು. ಮನೆ ತುಂಬ ಜನ ಇದ್ದಾಗ "ಆಯಾಸ ಆಗಿರಬೇಕು" ಅಂತ ಬಿಟ್ಟುಬಿಡುತ್ತಾರೆ.

ಗ್ಲುಕೋಮೀಟರ್ ಇದ್ದರೆ ತಕ್ಷಣ ನೋಡಿ. ಇಲ್ಲದಿದ್ದರೂ ಅನುಮಾನ ಬಂದ ಕೂಡಲೇ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ, ಸರಿಹೋದ ಮೇಲೆ ಊಟಕ್ಕೆ ಕೂರಿಸಿ. ಮಂಪರಿನಲ್ಲಿದ್ದರೆ, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ.

ಇದಕ್ಕೆಲ್ಲ ಅವಕಾಶ ಕೊಡದಿರುವುದೇ ಒಳ್ಳೆಯದು. ಅವರು ದಿನಾ ಎಷ್ಟು ಹೊತ್ತಿಗೆ ಉಣ್ಣುತ್ತಾರೋ ಹಬ್ಬದ ದಿನವೂ ಅದೇ ಹೊತ್ತಿಗೆ ಎಲೆ ಬೀಳಲಿ. ಪೂಜೆ ಮೊದಲೇ ಮುಗಿಯಬೇಕಾದರೆ ಬೆಳಿಗ್ಗೆ ಬೇಗ ಶುರು ಮಾಡಿ. ಅದೂ ಆಗದಿದ್ದರೆ ಅವರಿಗೆ ಮಾಮೂಲಿ ಹೊತ್ತಿಗೆ ಚಿತ್ರಾನ್ನವನ್ನೋ ಇಡ್ಲಿಯನ್ನೋ ಕೊಟ್ಟುಬಿಡಿ, ನಂತರ ಎಲ್ಲರ ಜೊತೆ ಕೂತು ಸ್ವಲ್ಪ ಉಣ್ಣಲಿ. ಉಪವಾಸ ಇರಲೇಬೇಕು ಅಂತ ಹಟ ಹಿಡಿಯುವ ಅಜ್ಜಿಯರಿದ್ದರೆ ಹಬ್ಬಕ್ಕೆ ಮುಂಚೆಯೇ ಡಾಕ್ಟರ್ ಬಾಯಿಂದ ಹೇಳಿಸಿ. ನಮ್ಮ ಮಾತು ನಡೆಯುವುದಿಲ್ಲ.

ಪಾರ್ಕಿನ್ಸನ್ ಕಾಯಿಲೆಯವರಿಗೂ ಹೊತ್ತು ಮುಖ್ಯ. ಲೆವೊಡೋಪಾ ಮಾತ್ರೆ ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಹೋದರೆ ಚೆನ್ನಾಗಿ ಹಿಡಿಯುತ್ತದೆ. ಬೇಳೆ, ಮಾಂಸ ತುಂಬಿದ ಹೊಟ್ಟೆಗೆ ಹಾಕಿದರೆ ಅಷ್ಟು ಹಿಡಿಯುವುದಿಲ್ಲ, ಕೈಕಾಲು ಬಿಗಿಯುತ್ತವೆ.

ಒಬ್ಬಟ್ಟಿಗೆ ಹಾಕೋದು ಬೆಲ್ಲ ಅಲ್ವಾ? ಸಕ್ಕರೆ ಅಲ್ಲವಲ್ಲ?

ಶುಗರ್ ಏರಿಸುವುದರಲ್ಲಿ ಎರಡೂ ಒಂದೇ. ಆದರೂ ಒಬ್ಬಟ್ಟನ್ನು ಪೂರ್ತಿ ತಪ್ಪಿಸಿ ಅಂತ ನಾನು ಹೇಳುವುದಿಲ್ಲ. ಒಂದು ಚಿಕ್ಕ ಒಬ್ಬಟ್ಟು ತಟ್ಟಿ, ಆ ಹೊತ್ತಿನ ಅನ್ನವನ್ನು ಅಷ್ಟರ ಮಟ್ಟಿಗೆ ಕಡಿಮೆ ಮಾಡಿ. ಮೊದಲು ಪಲ್ಯ, ಕೋಸಂಬರಿ ಬಡಿಸಿ, ಸಿಹಿ ಕೊನೆಗಿರಲಿ. ಅವರ ಎದುರಿಗೆ ಎಲ್ಲರೂ ಒಬ್ಬಟ್ಟು, ಹಾಲು, ತುಪ್ಪ ಸುರಿದುಕೊಂಡು ತಿನ್ನುತ್ತಿದ್ದು ಅವರ ಎಲೆ ಮಾತ್ರ ಖಾಲಿ ಇದ್ದರೆ, ಸಂಜೆ ಡಬ್ಬಿ ತೆಗೆದು ಕದ್ದು ತಿನ್ನುತ್ತಾರೆ. ಅದರ ಲೆಕ್ಕ ನಿಮಗೆ ಸಿಗುವುದಿಲ್ಲ.

ಸ್ಟ್ರೋಕ್ ಆದ ಮೇಲೆ ಅಪ್ಪನಿಗೆ ನುಂಗುವುದು ಕಷ್ಟ. ಹಬ್ಬದ ಅಡುಗೆಯಲ್ಲಿ ಏನು ಕೊಡಬಹುದು?

ಮೊದಲು ಮುದ್ದೆಯ ಮಾತು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಲಕ್ವ ಹೊಡೆದ ಗಂಟಲಿಗೆ ಇದೇ ಅಪಾಯ. ಅಂಟಾದ ತುತ್ತು, ಮೇಲೆ ತೆಳ್ಳಗಿನ ಸಾರು. ತುತ್ತು ಅರ್ಧದಲ್ಲಿ ನಿಲ್ಲಬಹುದು, ಸಾರು ಶ್ವಾಸನಾಳಕ್ಕೆ ಇಳಿಯಬಹುದು. "ಮುದ್ದೆ ಮೆತ್ತಗಿದೆ, ಏನಾಗಲ್ಲ" ಅನ್ನುವ ನೆಂಟರಿಗೆ ಇದನ್ನು ಬಿಡಿಸಿ ಹೇಳಿ.

ಊಟ ಮಾಡುವಾಗ ಅಥವಾ ಮುಗಿದ ಮೇಲೆ ಕೆಮ್ಮು, ದನಿಯಲ್ಲಿ ನೀರು ತುಂಬಿದಂಥ ಗೊರಗೊರ, ಕೆನ್ನೆಯೊಳಗೆ ಉಳಿದ ಅನ್ನ, ಮತ್ತೆ ಮತ್ತೆ ಬರುವ ನ್ಯುಮೋನಿಯಾ, ಇವು ನುಂಗುವಿಕೆ ಕೆಟ್ಟಿರುವ ಗುರುತು. ಕೆಲವರಿಗೆ ಆಹಾರ ಶ್ವಾಸಕೋಶಕ್ಕೆ ಹೋದರೂ ಕೆಮ್ಮೇ ಬರುವುದಿಲ್ಲ. ಹಾಗಾಗಿ ಹಬ್ಬಕ್ಕೆ ಮುಂಚೆ ಒಮ್ಮೆ ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ. ನುಂಗುವುದನ್ನು ಪರೀಕ್ಷೆ ಮಾಡುವವರೂ ಅವರೇ. ಆಹಾರ, ಪಾನೀಯ ಎಷ್ಟು ಗಟ್ಟಿ ಇರಬೇಕು ಅನ್ನುವುದಕ್ಕೆ 0ಯಿಂದ 7ರವರೆಗೆ ಅಂತರರಾಷ್ಟ್ರೀಯ ಮಟ್ಟಗಳಿವೆ. ನಿಮ್ಮವರದ್ದು ಯಾವ ಮಟ್ಟ ಅಂತ ಕೇಳಿ ಬರೆದಿಟ್ಟುಕೊಳ್ಳಿ. 5ನೇ ಮಟ್ಟ ಅಂದರೆ ದೊಡ್ಡವರಿಗೆ 4 ಮಿ.ಮೀ.ಗಿಂತ ದೊಡ್ಡ ಚೂರು ಇರಬಾರದು. 6 ಅಂದರೆ ಮೆತ್ತಗೆ ಬೆಂದ, 1.5 ಸೆಂ.ಮೀ. ಒಳಗಿನ ತುಂಡುಗಳು.

ಹಬ್ಬದ ಅಡುಗೆ ಇದಕ್ಕೆ ಸುಲಭವಾಗಿ ಒಗ್ಗುತ್ತದೆ. ಒಬ್ಬಟ್ಟು ತಟ್ಟುವ ಮುಂಚೆ ಹೂರಣವನ್ನು ಒಂದು ಬಟ್ಟಲು ತೆಗೆದಿಡಿ. ಬಿಸಿ ಹಾಲು, ತುಪ್ಪ ಹಾಕಿ ನುಣ್ಣಗೆ ಕಲಸಿ, ಜರಡಿಯಲ್ಲಿ ಸೋಸಿ. ಕಣಕದ ಒಣ ಅಂಚಿಲ್ಲ, ರುಚಿ ಮಾತ್ರ ಅದೇ ಒಬ್ಬಟ್ಟಿನದು. ಪಾಯಸದಲ್ಲಿ ತೆಳ್ಳಗಿನ ಹಾಲು ಬೇರೆ, ಶಾವಿಗೆ ಬೇರೆ, ಗೋಡಂಬಿ ಬೇರೆ. ಬಾಯೊಳಗೆ ಎರಡು ಥರ ಇದ್ದರೆ ನುಂಗುವವರಿಗೆ ಗೊಂದಲ. ಹೆಸರುಬೇಳೆ ಪಾಯಸವನ್ನು ಮಿಕ್ಸಿಗೆ ಹಾಕಿ ಒಂದೇ ಹದಕ್ಕೆ ತನ್ನಿ. ಸಂಕ್ರಾಂತಿಗೆ ಅವರೆಕಾಳಿನ ಸಾರಿಗಿಂತ ಹಿತಕಬೇಳೆ ಒಳ್ಳೆಯದು. ಸಿಪ್ಪೆ ಹೋಗಿರುತ್ತದೆ, ಬೇಯಿಸಿ ಕಿವುಚಿದರೆ ಬೆಣ್ಣೆಯಷ್ಟು ಮೆತ್ತಗೆ. ಕೋಸಂಬರಿ, ಹಪ್ಪಳ, ಚಿತ್ರಾನ್ನದ ಕಡಲೆಕಾಯಿ ಬೀಜ ಬೇಡ.

ಬೋರ್‌ವೆಲ್ಲಿನ ಗಡಸು ನೀರಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಅದು ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಈ ಮೂರೂ ಜಿಲ್ಲೆಯವರಿಗೆ ಗೊತ್ತಿರುವ ವಿಷಯ. ಇವರ ಪಾಲಿನ ಬೇಳೆಗಾದರೂ ಫಿಲ್ಟರ್ ನೀರು ಬಳಸಿ.

ತಿನ್ನಿಸುವಾಗ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಚಿಕ್ಕ ಚಮಚ, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಟಿ.ವಿ. ಬೇಡ, ಆ ಹೊತ್ತಲ್ಲಿ ಮಾತಾಡಿಸುವುದೂ ಬೇಡ. ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಬಂದ ನೆಂಟರಲ್ಲಿ ಯಾರಾದರೂ ಪ್ರೀತಿಯಿಂದ ತುತ್ತು ಹಿಡಿದರೆ ಕೈ ತಡೆಯಲು ಹಿಂಜರಿಯಬೇಡಿ.

ಗಂಟಲಲ್ಲಿ ಸಿಕ್ಕಿಕೊಂಡರೆ?

ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲು, ಮಾತಾಡಲು, ಉಸಿರಾಡಲು ಆಗುತ್ತಿಲ್ಲ ಅಂದರೆ ಅವರನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲ್ಭಾಗದಲ್ಲಿ ಅಂಗೈಯ ಬುಡದಿಂದ 5 ಸಲ ಜೋರಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದೆ ನಿಂತು, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೆ ಮತ್ತು ಮೇಲಕ್ಕೆ 5 ಸಲ ಒತ್ತಿ. ಬಸುರಿಯಾದರೆ ಹೊಟ್ಟೆ ಬೇಡ, ಎದೆಯ ಮೇಲೆ ಒತ್ತಿ. ಆಹಾರ ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೆ ಒಂದು ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ನೀರು ಕುಡಿಸಬೇಡಿ. ಕಾಣದ್ದನ್ನು ತೆಗೆಯಲು ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವುದು) ಶುರು ಮಾಡಬೇಕು. ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಬಾರದು. ಬೆನ್ನು ತಟ್ಟುವುದು, ಎದೆ ಒತ್ತುವುದು ಮಾತ್ರ.

ಮನೆಯಲ್ಲಿ ಇಬ್ಬರಾದರೂ ಇದನ್ನು ಮೊದಲೇ ಕಲಿತಿರಲಿ.

ಕಿಡ್ನಿ ತೊಂದರೆ ಇದೆ, ಡಯಾಲಿಸಿಸ್ ನಡೆಯುತ್ತಿದೆ. ಬಸ್ಸಾರು, ಒಬ್ಬಟ್ಟಿನ ಸಾರು ಆಗುತ್ತಾ?

ಈ ಪ್ರಶ್ನೆಗೆ ಉತ್ತರ ನಮ್ಮ ಅಡುಗೆಯ ಕ್ರಮದಲ್ಲೇ ಇದೆ. ಕಿಡ್ನಿ ಕೆಟ್ಟವರ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತ ಹದ ತಪ್ಪುತ್ತದೆ. ತರಕಾರಿ, ಸೊಪ್ಪು, ಕಾಳು ಬೇಯಿಸಿದಾಗ ಪೊಟ್ಯಾಶಿಯಂನ ಒಂದು ಪಾಲು ನೀರಿಗೆ ಇಳಿಯುತ್ತದೆ. ಅದಕ್ಕೇ ಡಾಕ್ಟರ್‌ಗಳು ಬೇಯಿಸಿದ ನೀರು ಬಸಿದು ಚೆಲ್ಲಿ ಅನ್ನುತ್ತಾರೆ. ನಾವು ಬಸಿದ ನೀರಿನಿಂದಲೇ ಬಸ್ಸಾರು ಮಾಡುತ್ತೇವೆ, ಬೇಳೆಯ ಕಟ್ಟಿನಿಂದಲೇ ಒಬ್ಬಟ್ಟಿನ ಸಾರು ಕಾಯಿಸುತ್ತೇವೆ. ಅಂದರೆ ಅವರಿಗೆ ಬೇಡವಾದದ್ದು ಸಾರಲ್ಲಿ ಸೇರಿರುತ್ತದೆ. ಪಲ್ಯ ಬಡಿಸಿ. ಸಾರು ಬೇಕೇ ಬೇಕು ಅಂದರೆ ಒಂದೆರಡು ಚಮಚ, ಅನ್ನಕ್ಕೆ ಪರಿಮಳ ಬರುವಷ್ಟು.

ಎಳನೀರು ಬೇಡ. ತುಮಕೂರಿನ ಕಡೆಯವರಿಗೆ ಇದು ಕಷ್ಟದ ಮಾತು, ಬಂದವರಿಗೆಲ್ಲ ಎಳನೀರು ಕೆತ್ತಿಕೊಡುವ ಮನೆಗಳು ಅವು. ಆದರೆ ಒಂದು ಕಾಯಿಯಲ್ಲಿ ಪೊಟ್ಯಾಶಿಯಂ ಬಹಳ ಇರುತ್ತದೆ. ಬಾಳೆಹಣ್ಣು, ಮಾವು, ಟೊಮೇಟೊ, ಬೆಲ್ಲ ಇವೂ ಲೆಕ್ಕಕ್ಕೆ ಬರುತ್ತವೆ. ಉಪ್ಪು ಕಡಿಮೆ ಮಾಡಲು ಅಂತ ಅಂಗಡಿಯ 'ಲೋ ಸೋಡಿಯಂ' ಉಪ್ಪು ತರಬೇಡಿ, ಅದರಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದು ಪೊಟ್ಯಾಶಿಯಂ. ಇಡೀ ಅಡುಗೆಗೆ ಉಪ್ಪು ಕಡಿಮೆ ಹಾಕಿ, ಬೇಕಾದವರು ಎಲೆಯ ತುದಿಯ ಉಪ್ಪು ಕಲಸಿಕೊಳ್ಳಲಿ. ಎಲೆಗೆ ಉಪ್ಪು ಬಡಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ.

ನೀರಿನ ಮಿತಿ ಇರುವವರಿಗೆ ಪಾಯಸ, ಮಜ್ಜಿಗೆ, ಸಾರು ಎಲ್ಲವೂ ನೀರಿನ ಲೆಕ್ಕವೇ. ಊಟದ ಜೊತೆ ನುಂಗಬೇಕಾದ ಮಾತ್ರೆಯನ್ನು ಎಲೆಯ ಪಕ್ಕದಲ್ಲೇ ಇಟ್ಟುಬಿಡಿ.

ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಸೊಪ್ಪು ತಿನ್ನಬಾರದಂತೆ, ಹೌದಾ?

ವಾರ್ಫರಿನ್, ಅಸೆನೊಕೌಮರಾಲ್ ಥರದ ಮಾತ್ರೆ ಆದರೆ ಮಾತ್ರ ಈ ಮಾತು. ಅದರಲ್ಲೂ ಸೊಪ್ಪು ಬಿಡಬೇಕು ಅಂತಲ್ಲ. ದಿನಾ ತಿನ್ನುವಷ್ಟೇ ತಿನ್ನಬೇಕು, ಹಬ್ಬ ಅಂತ ಒಂದೇ ಸಲ ರಾಶಿ ಹಾಕಬಾರದು.

ಅತ್ತೆಗೆ ಮರೆವಿನ ಕಾಯಿಲೆ. ಜನ ಜಾಸ್ತಿ ಆದರೆ ಗಾಬರಿಯಾಗಿ ಎದ್ದು ಹೋಗುತ್ತಾರೆ. ರೂಮಿನಲ್ಲೇ ಊಟ ಕೊಡಲಾ?

ರೂಮಿಗೆ ಕಳಿಸುವ ಮುಂಚೆ ಬೇರೆ ದಾರಿಗಳನ್ನು ನೋಡಿ. ಎಲ್ಲರನ್ನೂ ಒಟ್ಟಿಗೆ ಕೂರಿಸಲೇಬೇಕಾ? ಮೊದಲ ಪಂಕ್ತಿ ಚಿಕ್ಕದಿರಲಿ. ಅತ್ತೆ, ಅವರಿಗೆ ತುಂಬಾ ಬಳಕೆಯ ಮೂರು ನಾಲ್ಕು ಜನ, ಒಂದೆರಡು ಮಕ್ಕಳು. ಗಲಾಟೆಯ ಪಂಕ್ತಿ ಆಮೇಲೆ. ಮರೆವಿನವರು ಸಾಮಾನ್ಯವಾಗಿ ಬೆಳಗಿನ ಹೊತ್ತು ಲವಲವಿಕೆಯಿಂದ ಇರುತ್ತಾರೆ, ಸಂಜೆ ಆಗುತ್ತಾ ಗಲಿಬಿಲಿ ಹೆಚ್ಚಾಗುತ್ತದೆ. ಹಾಗಾಗಿ ರಾತ್ರಿ ಊಟಕ್ಕಿಂತ ಮಧ್ಯಾಹ್ನದ ಊಟ ಒಳ್ಳೆಯದು. ಬೆನ್ನ ಹಿಂದೆ ಗೋಡೆ ಇರುವ ಜಾಗದಲ್ಲಿ ಕೂರಿಸಿ, ಹಿಂದೆ ಜನ ಓಡಾಡಿದರೆ ಬೆಚ್ಚುತ್ತಾರೆ.

ಎಲ್ಲವನ್ನೂ ಒಟ್ಟಿಗೆ ಬಡಿಸಬೇಡಿ. ಹದಿನೈದು ಬಗೆ ಎದುರಿಗಿದ್ದರೆ ಯಾವುದಕ್ಕೆ ಕೈ ಹಾಕಬೇಕು ಅಂತಲೇ ತೋಚುವುದಿಲ್ಲ. ಒಂದೆರಡು ಬಡಿಸಿ, ಮುಗಿದ ಮೇಲೆ ಮುಂದಿನದು. ಬಾಳೆ ಎಲೆಯ ಹಸಿರಿನ ಮೇಲೆ ಬಿಳಿ ಅನ್ನ ಚೆನ್ನಾಗಿ ಕಾಣುತ್ತದೆ, ಹೊಳೆಯುವ ಸ್ಟೀಲ್ ತಟ್ಟೆಗಿಂತ ಅದೇ ವಾಸಿ.

ಬರುವವರಿಗೆ ಒಂದು ಮಾತು ಮೊದಲೇ ಹೇಳಿ: "ನಾನ್ಯಾರು ಹೇಳಿ ನೋಡೋಣ?" ಅಂತ ಕೇಳಬೇಡಿ. ಎಲ್ಲರೆದುರು ಹೆಸರು ನೆನಪಾಗದೆ ತಲೆ ತಗ್ಗಿಸುವುದು ಎಷ್ಟು ಕಷ್ಟ! "ಅತ್ತೆ, ನಾನು ಚಿಂತಾಮಣಿ ಅಣ್ಣನ ಮಗಳು, ಹೇಗಿದ್ದೀರಾ?" ಅಂತ ತಾವೇ ಹೇಳಿಕೊಂಡು ಮಾತು ಶುರು ಮಾಡಲಿ. ಸತ್ತುಹೋದವರನ್ನು ಅವರು ಕೇಳಿದರೆ ತಿದ್ದುವುದು ಬೇಡ. "ಮಾವನಿಗೆ ಒಬ್ಬಟ್ಟು ಅಂದರೆ ಇಷ್ಟ ಅಲ್ವಾ?" ಅಂತ ಮಾತು ಮುಂದುವರಿಸಿ.

ಏನೇ ಮಾಡಿದರೂ ಅವರಿಗೆ ಆಗುತ್ತಿಲ್ಲ ಅಂದರೆ ರೂಮಿಗೆ ಕರೆದುಕೊಂಡು ಹೋಗಿ, ಜೊತೆಗೆ ಒಬ್ಬರು ತಮ್ಮ ಎಲೆಯನ್ನೂ ಅಲ್ಲೇ ಹಾಕಿಕೊಳ್ಳಲಿ. ಒಂಟಿಯಾಗಿ ಮಾತ್ರ ಬಿಡಬೇಡಿ.

ಅಜ್ಜಿ ಈಚೆಗೆ ಬರೀ ತೆಲುಗಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ಮಕ್ಕಳಿಗೆ ಅರ್ಥ ಆಗೋದಿಲ್ಲ.

ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಮಸುಕಾಗಬಹುದು. ಹಟ ಅಲ್ಲ ಅದು. ತೆಲುಗು ಬರುವ ಒಬ್ಬರು ಪಕ್ಕದಲ್ಲಿ ಕೂರಲಿ. ಮಕ್ಕಳಿಗೆ "ತಿನ್ನಾವಾ?" (ತಿಂದ್ಯಾ?), "ಇಂಕಾ ಕಾವಾಲಾ?" (ಇನ್ನೂ ಬೇಕಾ?) ಅಂತ ನಾಲ್ಕು ಮಾತು ಕಲಿಸಿ. ಅಜ್ಜಿಯ ಮುಖ ಅರಳುತ್ತದೆ, ನೋಡಿ.

ನೆಲದ ಮೇಲೆ ಕೂರಲು ಆಗದವರನ್ನು ಪಂಕ್ತಿಯಲ್ಲಿ ಹೇಗೆ ಸೇರಿಸಿಕೊಳ್ಳೋದು?

ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರು ಕುಡಿದು ಕೀಲು, ಬೆನ್ನು ಬಿಗಿದುಹೋದ ಹಿರಿಯರು ನಮ್ಮ ಕಡೆ ಕಡಿಮೆಯಿಲ್ಲ. (ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಹಬ್ಬದ ಅಡುಗೆಗೂ ಶುದ್ಧೀಕರಣ ಘಟಕದ ನೀರೇ ತನ್ನಿ.) ಅಂಥವರಿಗೆ ಒಂದು ಕುರ್ಚಿ ಹಾಕಿ ಮೂಲೆಯಲ್ಲಿ ಕೂರಿಸಿದರೆ ಅವರು ಬೇರೆಯಾಗಿಬಿಡುತ್ತಾರೆ. ಎಲ್ಲರಿಗೂ ಮೇಜು, ಕುರ್ಚಿ ಹಾಕಿ. ಶಾಮಿಯಾನದವರ ಹತ್ತಿರ ಬಾಡಿಗೆಗೆ ಸಿಗುತ್ತವೆ. ಕೈ ಹಿಡಿ ಇರುವ ಗಟ್ಟಿ ಕುರ್ಚಿ ಅವರಿಗಿರಲಿ, ಪ್ಲಾಸ್ಟಿಕ್ಕಿನದು ಜಾರುತ್ತದೆ. ಕೈ ನಡುಗುವವರಿಗೆ ಎಲೆಯ ಕೆಳಗೆ ಅಂಚಿರುವ ದೊಡ್ಡ ತಟ್ಟೆ ಇಡಿ, ಸಾರು ಹರಿದು ಮಡಿಲಿಗೆ ಬರುವುದಿಲ್ಲ.

ಹಳೇ ಮನೆಗಳ ಹೊಸಿಲು ಗಾಲಿಕುರ್ಚಿಗೆ ಅಡ್ಡ. ಒಂದಡಿ ಉದ್ದಕ್ಕೆ ಒಂದಿಂಚು ಏರುವ ಲೆಕ್ಕದಲ್ಲಿ ಹಲಗೆ ಮಾಡಿಸಿ. ನಾಲ್ಕಿಂಚಿನ ಹೊಸಿಲಿಗೆ ನಾಲ್ಕಡಿ ಹಲಗೆ.

ಹಬ್ಬದ ಎಣ್ಣೆ ಸ್ನಾನ ಮಾಡಿಸಬಹುದಾ?

ಮಾಡಿಸಬಹುದು, ಊಟಕ್ಕಿಂತ ಹೆಚ್ಚಿನ ಎಚ್ಚರ ಅಲ್ಲಿ ಬೇಕು. ಎಣ್ಣೆ ಬಿದ್ದ ಬಚ್ಚಲ ನೆಲದಲ್ಲಿ ಕಾಲು ಜಾರಿ ಸೊಂಟ ಮುರಿದರೆ ಹಾಸಿಗೆಯಿಂದ ಏಳುವುದು ಕಷ್ಟ. ಎಣ್ಣೆಯನ್ನು ನೆತ್ತಿಗೆ, ಕೈಗೆ ಬಚ್ಚಲ ಹೊರಗೇ ಹಚ್ಚಿ. ಅಂಗಾಲಿಗೆ ಬೇಡ. ಕೂರಿಸಿಯೇ ಸ್ನಾನ ಮಾಡಿಸಿ, ನೀರು ತೀರಾ ಬಿಸಿ ಬೇಡ. ಬಿ.ಪಿ. ಮಾತ್ರೆ ತಗೊಳ್ಳುವವರಿಗೆ ಬಿಸಿನೀರ ಸ್ನಾನದ ನಂತರ ತಲೆ ಸುತ್ತಬಹುದು, ಐದು ನಿಮಿಷ ಕೂತು ಏಳಲಿ.

ಚಿಕ್ಕ ಮಕ್ಕಳೂ ಬರುತ್ತಾರೆ. ಅವರಿಗೆ ಏನು ಬೇಡ?

ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡ. ಪಂಚಾಮೃತದಲ್ಲಿ ಜೇನು ಇರುತ್ತದೆ, ಪ್ರಸಾದ ಅಂತ ನಾಲಿಗೆಗೆ ಸವರುವುದೂ ಬೇಡ. ಬೊಟ್ಯುಲಿಸಂ ಅನ್ನುವ ಗಂಭೀರ ಕಾಯಿಲೆ ಅದರಿಂದ ಬರಬಹುದು. ಐದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ ಕೊಡಬೇಡಿ. ಸಂಕ್ರಾಂತಿಯ ಎಳ್ಳು-ಬೆಲ್ಲವನ್ನು ಅವರಿಗೂ, ಹಲ್ಲಿಲ್ಲದ ಅಜ್ಜ ಅಜ್ಜಿಗೂ ಪುಡಿ ಮಾಡಿಕೊಡಿ. ಎಳ್ಳು, ಕಡಲೆಕಾಯಿ ಅಲರ್ಜಿ ಯಾರಿಗಾದರೂ ಇದೆಯಾ ಅಂತ ಬರುವ ಮುಂಚೆಯೇ ಕೇಳಿ.

ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವವರಿಗೆ?

ಹಸಿ ಕೋಸಂಬರಿ, ಕುಯ್ದಿಟ್ಟ ಹಣ್ಣು, ಬೀದಿಯಲ್ಲಿ ಹಂಚುವ ಪಾನಕ ಬೇಡ. ಬಿಸಿಬಿಸಿ ಅಡುಗೆಯಲ್ಲಿ ಮೊದಲ ಸೌಟು ಅವರಿಗೆ. ನೆಗಡಿ, ಜ್ವರ ಇರುವ ನೆಂಟರಿಗೆ "ಈ ಸಲ ಬೇಡ, ಮುಂದಿನ ಹಬ್ಬಕ್ಕೆ ಬನ್ನಿ" ಅಂತ ಧೈರ್ಯವಾಗಿ ಹೇಳಿ.

ಯುಗಾದಿಯ ಮಾರನೇ ದಿನ, ಹೊಸತೊಡಕಿನ ಮಾಂಸದೂಟಕ್ಕೆ?

ನಾಟಿ ಕೋಳಿ, ಮಟನ್ ಸಾರಿನಲ್ಲಿ ಮೂಳೆಯ ಚೂರು ಇದ್ದೇ ಇರುತ್ತದೆ. ಹಿರಿಯರ ಪಾಲನ್ನು ಬೇರೆ ಇಟ್ಟು, ಮೂಳೆ ಬಿಡಿಸಿ, ಎಳೆ ಎಳೆಯಾಗಿ ಸೀಳಿ ಬಡಿಸಿ. ನಿದ್ದೆ ಮಾತ್ರೆ, ಶುಗರ್ ಮಾತ್ರೆ ತಗೊಳ್ಳುವವರಿಗೆ "ಒಂದೇ ಪೆಗ್ಗು" ಅಂತ ಯಾರೂ ಕೊಡದ ಹಾಗೆ ನೋಡಿಕೊಳ್ಳಿ. ಯುಗಾದಿಯ ಹೊತ್ತಿಗೆ ಬಿಸಿಲು ಜೋರು. ಮಾಡಿದ ಅಡುಗೆ ಎರಡು ಗಂಟೆಗಿಂತ ಹೊರಗಿರಬಾರದು, 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಕಾಯಿ ಚಟ್ನಿ, ಮೊಸರನ್ನ, ಮಾಂಸ ಬೇಗ ಕೆಡುತ್ತವೆ.

ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿದೆ. ಅವರನ್ನು ಊಟದ ಜಾಗಕ್ಕೆ ಕರೆತರೋದು ಕ್ರೂರ ಅಲ್ವಾ?

ಅವರನ್ನೇ ಕೇಳಿ. ಕೆಲವರಿಗೆ ಒಗ್ಗರಣೆಯ ವಾಸನೆ, ಮಕ್ಕಳ ಗಲಾಟೆ ಬೇಕು. ಕೆಲವರಿಗೆ ಬೇಡ. ಎರಡೂ ಸರಿ. ಬಂದರೆ, ಅದೇ ಹೊತ್ತಿಗೆ ಅವರ ಫೀಡ್ ಕೊಡಿ, ತಲೆಯ ಭಾಗ ಎತ್ತರದಲ್ಲಿರಲಿ. ಡಾಕ್ಟರ್ ಒಪ್ಪದೆ ನಾಲಿಗೆಗೆ ಪಾಯಸ ಸವರಬೇಡಿ. ಹೊಸ ಬಟ್ಟೆ, ಹೂವು, ಪೂಜೆಯ ಆರತಿ, ಹಿರಿಯರಾಗಿ ಮಕ್ಕಳಿಗೆ ಆಶೀರ್ವಾದ, ಇವಕ್ಕೆ ಗಂಟಲು ಬೇಕಾಗಿಲ್ಲ.

ಗಂಡ ತೀರಿಕೊಂಡ ಅಮ್ಮನನ್ನು, ಹೋಂ ನರ್ಸನ್ನು ಮೊದಲ ಪಂಕ್ತಿಗೆ ಕೂರಿಸಿದರೆ ನೆಂಟರು ಮಾತಾಡುತ್ತಾರೆ.

ಮಾತಾಡಲಿ. ಅರಿಶಿನ, ಕುಂಕುಮ, ಹೂವು ಕೊಡುವಾಗ ಅಮ್ಮನನ್ನು ದಾಟಿ ಮುಂದಕ್ಕೆ ಹೋಗುವ ತಟ್ಟೆಯನ್ನು ನೋಡಿ ನನಗೆ ಸಾಕಾಗಿದೆ. ಮೊದಲು ಅವರಿಗೇ ಕೊಡಿ. ತಗೊಳ್ಳುವುದು ಬಿಡುವುದು ಅವರ ಇಷ್ಟ. ರಾತ್ರಿಯೆಲ್ಲ ಎದ್ದು ಅಪ್ಪನನ್ನು ಮಗ್ಗುಲು ತಿರುಗಿಸುವ ಹುಡುಗಿ ಕೊನೆಗೆ ಅಡುಗೆಮನೆಯಲ್ಲಿ ತಣ್ಣಗಾದದ್ದು ತಿನ್ನುವುದು ಯಾವ ನ್ಯಾಯ? ಅವಳ ಎಲೆಯೂ ಸಾಲಿನಲ್ಲೇ ಬೀಳಲಿ. ಅವಳೂ ತನ್ನ ಹಬ್ಬ ಬಿಟ್ಟು ನಿಮ್ಮ ಮನೆಯಲ್ಲಿದ್ದಾಳೆ.

ತುರ್ತಿಗೆ ಯಾವ ನಂಬರ್ ಇಟ್ಟುಕೊಳ್ಳಬೇಕು?

ಆಂಬುಲೆನ್ಸ್‌ಗೆ 108. ಹಿರಿಯ ನಾಗರಿಕರ ಸಹಾಯವಾಣಿ 14567. ಮನಸ್ಸಿಗೆ ತಡೆಯಲಾಗದಷ್ಟು ಭಾರವಾದರೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ. ಇದು ನೋಡಿಕೊಳ್ಳುವವರಿಗೂ ಇರುವ ನಂಬರ್. ಮಾತ್ರೆಗಳ ಪಟ್ಟಿ, ಅಲರ್ಜಿ, ಡಾಕ್ಟರ ಫೋನ್ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಹಬ್ಬದ ರಜೆಯಲ್ಲಿ ಮೆಡಿಕಲ್ ಶಾಪ್ ಮುಚ್ಚಿರಬಹುದು, ಮಾತ್ರೆ ಮೊದಲೇ ತಂದಿಡಿ.

ಎಲ್ಲ ಮಾಡಿ ನನ್ನ ಊಟ ನಾಲ್ಕು ಗಂಟೆಗೆ. ಯಾರೂ ಕೈ ಹಾಕುವುದಿಲ್ಲ.

"ಏನಾದರೂ ಮಾಡಲಾ?" ಅಂತ ಎಲ್ಲರೂ ಕೇಳುತ್ತಾರೆ, ನಾವು "ಏನಿಲ್ಲ, ಕೂತ್ಕೊಳ್ಳಿ" ಅನ್ನುತ್ತೇವೆ. ಈ ಸಲ ಹಾಗನ್ನಬೇಡಿ. ಕೆಲಸವನ್ನು ಹೆಸರಿಟ್ಟು ಹಂಚಿ. "ಅಕ್ಕ, ಒಬ್ಬಟ್ಟು ನೀನು ತಾ." "ಭಾವ, ಒಂದರಿಂದ ಎರಡರವರೆಗೆ ಅಪ್ಪನ ಪಕ್ಕ ನೀವಿರಿ, ಹೀಗೆ ತಿನ್ನಿಸಬೇಕು." ಒಬ್ಬಟ್ಟು ಅಂಗಡಿಯದಾದರೂ ಹಬ್ಬಕ್ಕೆ ಕಮ್ಮಿಯಾಗುವುದಿಲ್ಲ. ದೂರದಲ್ಲಿರುವ ತಮ್ಮನಿಗೆ ಹಬ್ಬದ ಮಾರನೇ ದಿನ ಉಳಿಯಲು ಹೇಳಿ, ಆ ದಿನ ನೀವು ಮಲಗಿ.

ಮತ್ತೆ ಊಟಕ್ಕೆ ಬಡಿಸುವ ಕೆಲಸವನ್ನು ಬೇರೆಯವರಿಗೆ ಕೊಟ್ಟು, ನೀವು ನೋಡಿಕೊಳ್ಳುವವರ ಪಕ್ಕದ ಎಲೆಗೇ ಕೂತುಬಿಡಿ. ಅವರಿಗೆ ಒಂದು ತುತ್ತು, ಅದು ಇಳಿಯುವಷ್ಟರಲ್ಲಿ ನಿಮಗೊಂದು ತುತ್ತು. ಹೇಗಿದ್ದರೂ ಅವರ ಊಟ ನಿಧಾನ, ನಿಮ್ಮದೂ ಅಷ್ಟರಲ್ಲಿ ಬಿಸಿಯಾಗಿರುವಾಗಲೇ ಮುಗಿಯುತ್ತದೆ.